ಕರಡಿ ತೊದಲಿದ ಟೇಕು

“ಇನ್ನೊಂದ್ಸಲ ಹಾಕಿ.”

“ಮೇಡಂ, ಬೆಳಿಗ್ಗೆಯಿಂದ ಇದನ್ನೇ...”

“ಕಿವಿ ನಂದು ತಾನೇ? ಹಾಕಿ ಅಂದೆ.”

ಸೌಂಡ್ ಇಂಜಿನಿಯರ್ ಗುಂಡಿ ಒತ್ತಿದ. ಡಬ್ಬಿಂಗ್ ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೂ ಗುಂಡಿ ಎಂದೇ. ಮುಂದಿದ್ದ ಮೇಜಿನ ತುಂಬ ಗುಂಡಿಗಳು. ಅವುಗಳಲ್ಲಿ ಒಂದನ್ನಾದರೂ ತನ್ನಿಷ್ಟದಂತೆ ಒತ್ತುವ ಗುಂಡಿಗೆ ಮಾತ್ರ ಅವನಿಗಿರಲಿಲ್ಲ.

ಸ್ಪೀಕರಿನಿಂದ ಮೊದಲು ಬಂದದ್ದು ಏದುಸಿರು. ಆಮೇಲೆ, ನೂರು ಜನರ ದನಿ ತೆಗೆಯುತ್ತಿದ್ದ ಮಿಮಿಕ್ರಿ ಕಲಾವಿದ ನೂರ್ಬಾಯಿಯ ಸ್ವಂತ ದನಿ. “ತಲೆ ಒಡೆದು ಹೋಗ್ತಿದೆ ಸಾರ್. ನನ್ನ ಹೆಂಡ್ತಿ ಬರ್ತಿದ್ದಾಳೆ, ನನ್ನ ಬಿಟ್ಬಿಡಿ.”

“ಅವರು ಬರೋ ಅಷ್ಟರಲ್ಲಿ ಇನ್ನೊಂದೇ ಇನ್ನೊಂದು ಟೇಕು ಗುರುವೇ!” ಇದು ಡೈರೆಕ್ಟರನ ದನಿ.

ನಂತರ ಅದೇ ಗಂಟಲಿಂದ ಕಾರ್ಟೂನ್ ಕರಡಿಯ ದಪ್ಪನೆಯ, ಬೆಚ್ಚನೆಯ ದನಿ. “ಮರಿಗಳಾ, ಒಬ್ಬರ ಕೈ ಒಬ್ಬರು ಹಿಡ್ಕೊಳ್ಳಿ. ಯಾರೂ ಜಾರಬಾರದು...” ಅಲ್ಲಿಯವರೆಗೆ ಸರಿ. ಅಲ್ಲಿಂದಾಚೆ ನಾಲಿಗೆಗೆ ಯಾರೋ ಕಲ್ಲು ಕಟ್ಟಿದ ಹಾಗೆ: “ಯಾಯೂ... ಜಾಯ... ಯ...”

ಮರುಕ್ಷಣ ಚಪ್ಪಾಳೆ. ಗೊಳ್ಳೆಂದು ನಗು. “ಸೂಪರ್! ಓಕೆ ಟೇಕ್!”

ಇನ್ಸ್‌ಪೆಕ್ಟರ್ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡಳು. ಹೊರಗಿದ್ದರೆ ಅವು ಯಾರ ಕೆನ್ನೆಗಾದರೂ ಬಿದ್ದುಬಿಡುವ ಅಪಾಯವಿತ್ತು. ಸ್ಟೇಷನ್ನಿನಲ್ಲಿ ಅವಳಿಗೆ ‘ಸಿಡಿಮಿಡಿ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅರ್ಧ ದಿನ ಸಿಡಿ, ಉಳಿದರ್ಧ ಮಿಡಿ ಎಂದು ಸಿಬ್ಬಂದಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳುತ್ತಿದ್ದರು.

ಮೊನ್ನೆ ಇದೇ ಕೋಣೆಯಲ್ಲಿ ಕಾರ್ಟೂನ್ ಕರಡಿಗೆ ದನಿ ಕೊಡುತ್ತಿದ್ದ ನೂರ್ಬಾಯಿ ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸತ್ತಿದ್ದ. ರೆಕಾರ್ಡಿಂಗಿಗೆ ಮುಂಚೆ ಅವನನ್ನು ಗೋಡೆಗೆ ತಳ್ಳಿದ್ದ ತಮ್ಮ, ಕೊಲೆ ಆರೋಪದಲ್ಲಿ ಲಾಕಪ್ಪು ಸೇರಿದ್ದ.

ಜೇಬಿನಲ್ಲಿ ಫೋನು ಗುರ್ರೆಂದಿತು. ಮೇಲಧಿಕಾರಿ ಸಾಹೇಬರು. ಅವಳು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. ಅವರ ಮಾತನ್ನು ಕಿವಿಗೆ ಅಂಟಿಸಿಕೊಂಡು ಕೇಳುವಷ್ಟು ತಾಳ್ಮೆ ಇವತ್ತು ಇರಲಿಲ್ಲ.

“ಹ್ಞಕ್.” ಮೀನಿನ ಮುಳ್ಳು ಸಿಕ್ಕಿಕೊಂಡವರ ಹಾಗೆ ಗಂಟಲು ಸರಿ ಮಾಡಿಕೊಂಡೇ ಸಾಹೇಬರು ಮಾತು ಶುರು ಮಾಡುವುದು. “ಏನಮ್ಮಾ, ಇನ್ನೂ ಆ ಸ್ಟುಡಿಯೋದಲ್ಲೇ ಇದ್ದೀಯಂತೆ? ಸಂಜೆ ಆ ತಮ್ಮನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಕೈ ತೊಳ್ಕೋ. ತಿಳೀತಾ? ತಿಳೀತು.”

ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಬಾಗಿಲ ಬಳಿ ಕುಳಿತಿದ್ದ ಕಾನ್‌ಸ್ಟೇಬಲ್ ‘ಕಂಬ’ ಆ ದನಿ ಕಿವಿಗೆ ಬಿದ್ದದ್ದೇ ತಡ, ಎದ್ದು ಹಿಮ್ಮಡಿ ಬಡಿದು ಫೋನಿಗೆ ಸಲ್ಯೂಟ್ ಹೊಡೆದ.

“ಸರ್, ಪೋಸ್ಟ್‌ಮಾರ್ಟಮ್ ಡಾಕ್ಟರು ಸಾವು ತಮ್ಮನ ಪೆಟ್ಟಿನಿಂದ ಅಲ್ಲ ಅಂತಿದ್ದಾರೆ.”

“ತಳ್ಳಿದ್ದು ನಿಜ, ತಲೆ ಗೋಡೆಗೆ ಬಡಿದದ್ದು ನಿಜ, ಸತ್ತದ್ದೂ ನಿಜ. ಮತ್ತೇನು ಬೇಕು ನಿನಗೆ? ಸುಮ್ಮನೆ ತಲೆನೋವು ತಂದ್ಕೋಬೇಡ.”

ಫೋನು ಸತ್ತಿತು. ಕಂಬ ಕೈ ಇಳಿಸಿದ.

“ಫೋನಿಗೆ ಕಣ್ಣಿಲ್ಲ ಕಣಯ್ಯಾ,” ಎಂದಳು ಸಿಡಿಮಿಡಿ.

“ಅಭ್ಯಾಸ ಮೇಡಂ. ಕಿವಿಗೆ ಬಿದ್ರೆ ಕೈ ಏಳುತ್ತೆ.”

ತಲೆನೋವು. ನಿನ್ನೆಯಿಂದ ಆ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ಶವಾಗಾರದ ಹೊರಗೆ, ಕೈಗವಸು ಕಿತ್ತೆಸೆಯುತ್ತ ಡಾಕ್ಟರಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿತ್ತು.

“ತಲೆ ಮೇಲಿನ ಬುಗುಟು ಬರೀ ಚರ್ಮದ್ದು. ಅದರ ಕೆಳಗೆ ಮೂಳೆಗೆ ಏನೂ ಆಗಿಲ್ಲ, ಅಲ್ಲಿ ಒಳಗೆ ರಕ್ತಾನೂ ಇಲ್ಲ. ರಕ್ತ ಇರೋದು ಮೆದುಳಿನ ಬುಡದಲ್ಲಿ. ರಕ್ತನಾಳ ಒಂದು ಕಡೆ ಬಲೂನಿನ ಹಾಗೆ ಉಬ್ಬಿತ್ತು, ಅದು ಒಡೆದಿದೆ. ಹೋದ ವಾರ ಒಮ್ಮೆ ಹೀಗೇ ತಲೆ ಹಿಡ್ಕೊಂಡು ಕೂತಿದ್ರಂತೆ ಅಂತ ಅವರ ಹೆಂಡ್ತಿ ಅಂದ್ರು. ಆವತ್ತೇ ಸ್ವಲ್ಪ ಸೋರಿರಬೇಕು.”

“ಉಳೀತಿದ್ರಾ?”

“ತಕ್ಷಣ ತಂದಿದ್ರೆ ಅವಕಾಶ ಇತ್ತು. ದಿನಾ ಬರೋ ತಲೆನೋವು ಬೇರೆ ಕಣ್ರೀ. ಒಂದೇ ಏಟಿಗೆ ತುತ್ತತುದಿಗೆ ಏರಿ, ಜನ್ಮದಲ್ಲೇ ಇಂಥದ್ದು ಕಂಡಿಲ್ಲ ಅನ್ನಿಸೋ ನೋವು ಬೇರೆ. ಮೇಲೆ ವಾಂತಿ, ಮೇಲೆ ಮಾತು ತೊದಲು. ಅಂಥವರನ್ನ ಸೋಫಾ ಮೇಲೆ ಮಲಗಿಸಲ್ಲ, ಆಂಬುಲೆನ್ಸಲ್ಲಿ ಮಲಗಿಸ್ತಾರೆ!” ಡಾಕ್ಟರಮ್ಮ ಕೈಗವಸನ್ನು ಕಸದ ಡಬ್ಬಕ್ಕೆ ಎಸೆದ ರಭಸಕ್ಕೆ ಡಬ್ಬವೇ ಉರುಳಿತ್ತು.

ಮಲಗಿಸಿದ್ದು ಸೋಫಾ ಮೇಲೇ. ಸಂಜೆಯ ತನಕ. ಆಸ್ಪತ್ರೆಗೆ ಸೇರಿಸಿದ್ದು ಆಮೇಲೆ.

ಆ ಸೋಫಾದ ಮೇಲೆ ಈಗ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದವನು ಡಬ್ಬಿಂಗ್ ಡೈರೆಕ್ಟರ್. ಒಳ್ಳೆಯ ಟೇಕಾದರೂ “ಇನ್ನೊಂದು” ಎನ್ನುತ್ತಿದ್ದ, ಕೆಟ್ಟದಾದರೂ “ಇನ್ನೊಂದು” ಎನ್ನುತ್ತಿದ್ದ. ಹಾಗಾಗಿ ಅವನು ಇನ್ನೊಂದಪ್ಪ.

“ಮೇಡಂ, ನಮ್ಮ ಕಡೆಯಿಂದಾನೂ ಸ್ವಲ್ಪ ಯೋಚನೆ ಮಾಡಿ,” ಎಂದ ಇನ್ನೊಂದಪ್ಪ, ಜೇನು ಸವರಿದ ದನಿಯಲ್ಲಿ. “ನೂರ್ಬಾಯಿ ಅಂದ್ರೆ ಯಾರು? ಎದೆ ಹಿಡ್ಕೊಂಡು ಬಿದ್ದು, ನಾವೆಲ್ಲ ನೀರು ತಂದು ಚಿಮುಕಿಸಿದ ಮೇಲೆ ಎದ್ದು ಕೂತು ‘ಹೆಂಗಿತ್ತು ನನ್ನ ಸಾವು?’ ಅಂತ ಕೇಳೋ ಆಸಾಮಿ. ತೊದಲಿದ್ದೂ ಪಾತ್ರದ್ದೇ ಅಂದ್ಕೊಂಡ್ವಿ. ಚಪ್ಪಾಳೆ ತಟ್ಟಿದ್ವಿ. ಕಲಾವಿದನಿಗೆ ಚಪ್ಪಾಳೆ ತಟ್ಟೋದು ತಪ್ಪಾ?”

ಮೂಲೆಯ ಸ್ಟೂಲಿನ ಮೇಲಿದ್ದ ನೂರ್ಬಾಯಿಯ ಹೆಂಡತಿ ತಲೆ ಎತ್ತಿದಳು. ಹೊಲಿಗೆಯಂಗಡಿ ನಡೆಸುವವಳು, ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕುಳಿತಿದ್ದಳು. ಮೈದುನನ ಮೇಲೆ ದೂರು ಕೊಟ್ಟವಳು ಅವಳೇ.

“ತಲೆ ಒಡೆದು ಹೋಗ್ತಿದೆ ಅಂದದ್ದೂ ಪಾತ್ರಾನಾ?” ಎಂದಳು.

“ಅಮ್ಮಾ, ತಲೆನೋವು ಯಾರಿಗೆ ಬರಲ್ಲ ಹೇಳಿ? ನನಗೆ ವಾರಕ್ಕೆ ನಾಲ್ಕು ದಿನ.”

“ಬರದೇ ಇರುತ್ತಾ? ನಿಮ್ಮ ತಲೇಲಿ ನೀವೇ ಇರ್ತೀರಲ್ಲ.”

ಕಂಬ ಕೆಮ್ಮಿ ನಗು ನುಂಗಿದ. ಸಿಡಿಮಿಡಿ ನಗಲಿಲ್ಲ.

“ಯಾವ ಪಾತ್ರ?” ಎಂದು ಕೇಳಿದಳು.

“ಹ್ಞಾಂ?”

“ತೊದಲು ಪಾತ್ರದ್ದು ಅಂದ್ರಲ್ಲ. ಕರಡಿ ಯಾಕೆ ತೊದಲುತ್ತೆ?”

“ಜೇನು ಮೇಡಂ! ಹುಳಿ ಬಂದ ಜೇನು ಕುಡಿದು ಕರಡಿಗೆ ಅಮಲೇರೋ ಸೀನು. ಮಕ್ಕಳು ಬಿದ್ದು ಬಿದ್ದು ನಗೋ ಸೀನದು.”

“ಗುಂಡಿ, ಈ ಟೇಕಿನ ಚಿತ್ರ ಪರದೆ ಮೇಲೆ ಬಿಡಿ.”

“ದನಿ ಕೇಳಿದ್ರಲ್ಲ, ಚಿತ್ರ ಯಾಕೆ?” ಇನ್ನೊಂದಪ್ಪನ ಮೇಲಿದ್ದ ಕಾಲು ಕೆಳಗಿಳಿಯಿತು.

ಗುಂಡಿ ಡೈರೆಕ್ಟರ್ ಮುಖ ನೋಡಿದ, ಇನ್ಸ್‌ಪೆಕ್ಟರ್ ಮುಖ ನೋಡಿದ. ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ತೂಗಿದ. ಒತ್ತಿದ.

ಗಾಜಿನಾಚೆಯ ಪರದೆ ಬೆಳಗಿತು. ಹಗ್ಗದ ಸೇತುವೆ. ಕೆಳಗೆ ಭೋರ್ಗರೆಯುವ ನದಿ. ಕಣ್ಣು ಅರಳಿಸಿಕೊಂಡು, ಕಿವಿ ನೆಟ್ಟಗೆ ಮಾಡಿಕೊಂಡು, ಒಂದೊಂದೇ ಹೆಜ್ಜೆ ಊರುತ್ತ ಮರಿಗಳನ್ನು ದಾಟಿಸುತ್ತಿರುವ ಕರಡಿ. ಕೈಯಲ್ಲಿ ಜೇನಿನ ಮಡಕೆಯಿಲ್ಲ. ಮುಖದಲ್ಲಿ ಅಮಲಿನ ಸುಳಿವಿಲ್ಲ. ಇಷ್ಟು ಮೈಯೆಲ್ಲ ಕಣ್ಣಾಗಿರುವ ಪ್ರಾಣಿಯನ್ನು ಸಿಡಿಮಿಡಿ ತನ್ನ ಸ್ಟೇಷನ್ನಿನಲ್ಲೂ ಕಂಡಿರಲಿಲ್ಲ. ಆ ಚುರುಕು ಮುಖದಿಂದ ಹೊರಟ ಮಾತು: “ಯಾಯೂ... ಜಾಯ... ಯ...”

ಗುಂಡಿ ಚಿತ್ರವನ್ನು ಅಲ್ಲೇ ನಿಲ್ಲಿಸಿದ.

“ಈ ಪರದೆ ನೋಡ್ಕೊಂಡೇ ತಾನೇ ನೀವು ಟೇಕ್ ಓಕೆ ಮಾಡೋದು?” ಅವಳ ದನಿ ಇಳಿದಿತ್ತು. ಸಿಡಿಮಿಡಿಯ ದನಿ ಏರಿದಾಗ ಹೆದರದ ಕಂಬ, ಇಳಿದಾಗ ಬಾಗಿಲ ಕಡೆ ಒಂದು ಹೆಜ್ಜೆ ಸರಿಯುತ್ತಿದ್ದ. ಈಗ ಸರಿದ. “ಮಕ್ಕಳನ್ನ ನದಿ ದಾಟಿಸ್ತಿರೋ ಕರಡಿ ತೊದಲಿದ್ರೆ ಅದು ಪಾತ್ರ ಅಲ್ಲ ಅಂತ ಮಗುವಿಗೂ ಗೊತ್ತಾಗುತ್ತೆ. ನಿಮಗೆ ಗೊತ್ತಾಗಲಿಲ್ವಾ?”

“ಅದು... ಎಲ್ಲರೂ ನಕ್ಕರು... ನಾನೂ...”

“ಜೇನಿನ ಸೀನು ಎಲ್ಲಿ? ಅದನ್ನ ಹಾಕಿ.”

“ಅದಿನ್ನೂ ಆಗಿಲ್ಲ!” ಎಂದ ಇನ್ನೊಂದಪ್ಪ, ಪ್ರಶ್ನೆ ಮುಗಿಯುವ ಮೊದಲೇ.

“ಆಗಿದೆಯಲ್ಲಾ ಸಾರ್,” ಎಂದ ಗುಂಡಿ. ಅಂದ ಮೇಲೆ ತುಟಿ ಕಚ್ಚಿಕೊಂಡ.

“ಯಾವಾಗ ಆಯ್ತು?”

ಗುಂಡಿ ನೆಲ ನೋಡಿದ. “ಆವತ್ತೇ ಮೇಡಂ. ಊಟ ಆದ ಮೇಲೆ. ನನ್ನನ್ನ ಹೊರಗೆ ಕಳಿಸಿ ಸಾರೇ ರೆಕಾರ್ಡ್ ಮಾಡ್ಕೊಂಡ್ರು.”

“ಊಟಕ್ಕೆ ಮುಂಚೆ ನಾಲಿಗೆ ಬಿದ್ದು ಹೋದವನು, ಊಟ ಆದ ಮೇಲೆ ಎದ್ದು ಬಂದು ಡೈಲಾಗ್ ಹೇಳಿದ್ನಾ? ಹಾಕಿ ನೋಡೋಣ!”

ಪರದೆಯ ಮೇಲೆ ಕರಡಿ ಮಡಕೆಗೆ ಬಾಯಿ ಹಚ್ಚಿತು. ಕುಡಿಯಿತು. ಓಲಾಡಿತು. ಮರವನ್ನು ತಬ್ಬಿಕೊಂಡು “ಏನಣ್ಣಾ, ನಿಂತಲ್ಲೇ ನಿಂತಿದ್ದೀಯ, ಕಾಲು ನೋಯಲ್ವಾ?” ಎಂದು ಕೇಳಿತು. ಹೊಹ್ಹೊಹ್ಹೋ ಎಂದು ನಕ್ಕಿತು. ನೂರ್ಬಾಯಿಯದೇ ದನಿ. ಅದೇ ದಪ್ಪ, ಅದೇ ಬಿಸುಪು. ಕಂಬನ ಮೀಸೆಯೂ ಕುಣಿಯಿತು.

ನೂರ್ಬಾಯಿಯ ಹೆಂಡತಿ ಎದ್ದು ನಿಂತಳು. ಬೆರಳಿನ ಟೇಪು ಜಾರಿ ನೆಲಕ್ಕೆ ಬಿತ್ತು.

“ಇದು ಅವರಲ್ಲ.”

“ದನಿ ಅವರದೇ ಅಲ್ವಾ ಅಮ್ಮಾ?”

“ದನಿ ಅವರದೇ. ನಗು ಅಲ್ಲ.” ಅವಳು ಪರದೆಯ ಕರಡಿಯತ್ತ ಬೆರಳು ಮಾಡಿದಳು. “ಈ ಕರಡಿಗೆ ಅವರು ಕೊಟ್ಟಿದ್ದು ನಮ್ಮಪ್ಪನ ನಗು. ಮದುವೆ ಆದಾಗಿಂದ ಮಾವನ್ನ ಆಡ್ಕೊಳ್ಳೋದೇ ಕೆಲಸ. ಅಪ್ಪ ನಕ್ಕರೆ ಕೊನೇಲಿ ಒಂದು ಸಣ್ಣ ಕೆಮ್ಮು ಬರುತ್ತೆ, ಬೀಡಿ ಕೆಮ್ಮು. ಆ ಕೆಮ್ಮಿಲ್ಲದೆ ಅವರು ಒಂದು ದಿನಾನೂ ಕರಡಿ ನಗು ನಕ್ಕಿಲ್ಲ. ಕೆಮ್ಮೇ ನನ್ನ ಸಹಿ ಕಣೇ ಅಂತಿದ್ರು. ಇದನ್ನ ಮಾಡಿದೋನು ಅವರನ್ನ ನೋಡಿ ಕಲಿತಿದ್ದಾನೆ. ಆ ಕೆಮ್ಮನ್ನ ಕಲಿತಿಲ್ಲ.”

ಸಿಡಿಮಿಡಿ ಅವಳ ಕಡೆ ತಿರುಗಿದಳು.

“ಅಮ್ಮಾ, ಆವತ್ತು ನಿಮ್ಮ ಗಂಡನಿಂದ ಬಂದ ಎರಡು ಫೋನು. ಇನ್ನೊಂದ್ಸಲ ಹೇಳಿ.”

“ಮೊದಲನೇದು ಊಟಕ್ಕೆ ಮುಂಚೆ. ‘ಸಿಡಿಲು ಹೊಡೆದ ಹಾಗಾಯ್ತು ಕಣೇ, ಇಂಥ ನೋವು ಜನ್ಮದಲ್ಲಿ ನೋಡಿಲ್ಲ, ಬೇಗ ಬಾ’ ಅಂದ್ರು. ನಾನು ಮೆಷಿನ್ ಹಾಗೇ ಬಿಟ್ಟು ಓಡಿದೆ. ಆಟೋ ಸಿಗೋದೇ ಕಷ್ಟ ಆಯ್ತು. ಕೊನೆಗೂ ಒಂದು ಸಿಕ್ಕಿ ಹತ್ತಿ ಕೂತೆ. ಅಷ್ಟರಲ್ಲಿ ಎರಡನೇದು. ‘ಏನೇ, ತಲೆನೋವು ಹೋಯ್ತು ಕಣೇ. ಮಾತ್ರೆ ನುಂಗಿದೆ. ಬರಬೇಡ, ಕೆಲಸ ಜಾಸ್ತಿ ಇದೆ.’ ಸ್ಪಷ್ಟವಾಗಿ. ಗಿಣಿ ಮಾತಾಡಿದ ಹಾಗೆ.” ಅವಳು ಮುಷ್ಟಿ ಬಿಗಿದಳು. “ಆಟೋದಿಂದ ಇಳಿದೆ ಮೇಡಂ. ಇಳಿದು ಮನೆಗೆ ಹೋಗಿ ರವಿಕೆಗೆ ಕೊಕ್ಕೆ ಹಾಕ್ತಾ ಕೂತೆ.”

ಸಿಡಿಮಿಡಿ ಸೋಫಾದ ಮುಂದೆ ಹೋಗಿ ನಿಂತಳು. ಇನ್ನೊಂದಪ್ಪ ಎದ್ದೇಳಲು ನೋಡಿದ. ಅವಳು ಜಾಗ ಬಿಡಲಿಲ್ಲ.

“ಯಾರದು ಆ ದನಿ?”

“ನನಗೆ ಗೊತ್ತಿಲ್ಲ.”

“ಗುಂಡಿಯನ್ನ ಹೊರಗೆ ಕಳಿಸಿ, ನೀವೇ ಕೂತು ರೆಕಾರ್ಡ್ ಮಾಡಿದ್ದೀರಿ. ಮೈಕಿನ ಮುಂದೆ ನಿಂತಿದ್ದು ದೆವ್ವಾನಾ?”

“ಮೇಡಂ, ಪಿಕ್ಚರ್ ಮಾರನೇ ದಿನವೇ ಕಳಿಸಬೇಕಿತ್ತು. ಈ ಪಿಕ್ಚರ್ ಹಿಂದೆ ಯಾರಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಆವತ್ತು ಅಣ್ಣತಮ್ಮ ಕಿತ್ತಾಡಿದ್ದಕ್ಕೇ ಅರ್ಧ ಬೆಳಿಗ್ಗೆ ಹಾಳಾಗಿತ್ತು.”

“ಯಾಕೆ ಕಿತ್ತಾಡಿದ್ರು?”

“ತಮ್ಮ ಕೇಬಲ್ ಎಳೆಯೋ ಹುದ್ದೆ ಸಾಕು, ಮೈಕ್ ಮುಂದೆ ನಿಲ್ತೀನಿ ಅಂದ. ಅಣ್ಣ ‘ಮೊದಲು ನಿನ್ನ ಸ್ವಂತ ದನಿ ಹುಡುಕ್ಕೋ ಹೋಗು’ ಅಂದ. ಅಷ್ಟೇ, ತಳ್ಳಾಟ. ನಾನು ಕಣ್ಣಾರೆ ನೋಡಿದ್ದೀನಿ. ಅದನ್ನ ಬಿಟ್ಟು ನನ್ನ ಹಿಂದೆ ಯಾಕೆ ಬಿದ್ದಿದ್ದೀರಿ? ಅಷ್ಟಕ್ಕೂ ಒಂದು ತಲೆನೋವಿಗೆ...”

ಮಾತು ಅಲ್ಲಿಗೇ ನಿಂತಿತು. ಸಿಡಿಮಿಡಿ ಅವನ ಕುತ್ತಿಗೆಪಟ್ಟಿ ಹಿಡಿದೆತ್ತಿದ್ದಳು. ಬಟ್ಟೆ ಹರಿದ ಸದ್ದಾಯಿತು.

“ಇನ್ನೊಂದ್ಸಲ ಅದನ್ನ ತಲೆನೋವು ಅಂದ್ರೆ, ನೋವು ಅಂದ್ರೆ ಏನು ಅಂತ ನಾನು ತೋರಿಸ್ಬೇಕಾಗುತ್ತೆ! ಮನುಷ್ಯ ನಿನ್ನ ಕಣ್ಣೆದುರು ಬಾಯಿ ಸೊಟ್ಟಗಾಗಿ ಬಿದ್ದ. ಅವನ ಹೆಂಡ್ತಿ ಕರ್ಕೊಂಡು ಹೋಗೋಕೆ ಬರ್ತಿದ್ದಳು. ನೀನು ಆಂಬುಲೆನ್ಸ್ ಕರೀಲಿಲ್ಲ, ಬರೋಳನ್ನೂ ಬಿಡಲಿಲ್ಲ! ಸುತ್ತಿಗೆ ತಗೊಂಡು ಹೊಡೆಯೋನಿಗಾದ್ರೂ ಸ್ವಲ್ಪ ಧೈರ್ಯ ಬೇಕು ಕಣಯ್ಯಾ!”

“ಮೇಡಂ, ಕೈ,” ಎಂದ ಕಂಬ ಮೆಲ್ಲಗೆ.

ಅವಳು ಬಿಟ್ಟಳು. ಇನ್ನೊಂದಪ್ಪ ಸೋಫಾಕ್ಕೆ ಕುಸಿದ. ಅವನ ಬೆವರಿಗೆ ಈಗ ಯಾವ ಪಾತ್ರದ ನೆವವೂ ಇರಲಿಲ್ಲ.

“ನಾನು ಹೇಳಿದಂತೆ ಕೇಳೋನು ಮೇಡಂ,” ಎಂದು ತೊದಲಿದ. “ಮೇಲಿನಿಂದ ಹೇಳಿದ್ರು. ಯಾರು ಅಂತ ಕೇಳಬೇಡಿ. ಜೈಲಿಗೆ ಬೇಕಾದ್ರೆ ಹೋಗ್ತೀನಿ, ಹೆಸರು ಮಾತ್ರ ಹೇಳಲ್ಲ.”

“ಹೋಗೋದಂತೂ ಹೋಗ್ತೀಯ. ಎದ್ದೇಳು.”

ಇನ್ನೊಂದಪ್ಪನನ್ನು ಸ್ಟೇಷನ್ನಿನ ಮುಂದಿನ ಕೋಣೆಯಲ್ಲಿ ಕೂರಿಸಿ, ಸಿಡಿಮಿಡಿ ನೂರ್ಬಾಯಿಯ ಹೆಂಡತಿಯ ಜೊತೆ ಒಳಗೆ ಲಾಕಪ್ಪಿನ ಕಡೆ ನಡೆದಳು. ಕಿಟಕಿಯ ಬಿಸಿಲು ಆಗಲೇ ಗೋಡೆ ಏರುತ್ತಿತ್ತು. ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ಹೊತ್ತು ದೂರವಿರಲಿಲ್ಲ. ಕಂಬ ಹಜಾರದ ಬಾಗಿಲಾಚೆ ಕುರ್ಚಿ ಎಳೆದುಕೊಂಡು ಕುಳಿತ.

ಸರಳುಗಳ ಹಿಂದೆ ತಮ್ಮ ಮೊಣಕಾಲಿಗೆ ಗಲ್ಲ ಊರಿ ಕುಳಿತಿದ್ದ. ಹಿಡಿದು ತಂದಾಗಿನಿಂದ ಒಂದು ಮಾತಾಡಿರಲಿಲ್ಲ. ನೀರು ಬೇಕಾದರೂ ಲೋಟ ತೋರಿಸುತ್ತಿದ್ದ. ತಪ್ಪು ಮಾಡಿದವನ ಮೌನ ಎಂದಿದ್ದರು ಸಾಹೇಬರು. ಅಣ್ಣ ಸತ್ತವನ ಮೌನ ಎಂದುಕೊಂಡಿದ್ದಳು ಸಿಡಿಮಿಡಿ.

“ಕೇಳಿಲ್ಲಿ,” ಎಂದಳು. “ನಿನ್ನ ಕೈಯಿಂದ ಅಣ್ಣ ಸತ್ತಿಲ್ಲ. ನೀನು ತಳ್ಳಿದ್ದಕ್ಕೆ ಬಂದದ್ದು ಒಂದು ಬುಗುಟು, ಅಷ್ಟೇ. ಒಡೆದದ್ದು ತಲೆಯೊಳಗಿನ ರಕ್ತನಾಳ. ಡಾಕ್ಟರು ಬರೆದು ಕೊಟ್ಟಿದ್ದಾರೆ. ಸಂಜೆ ನಾನೇ ಅದನ್ನ ಮ್ಯಾಜಿಸ್ಟ್ರೇಟ್ ಮುಂದೆ ಇಡ್ತೀನಿ. ನಿನ್ನ ಬಿಡಿಸ್ತೀನಿ.”

ಅವನ ಭುಜ ಅಲುಗಿತು.

ಅತ್ತಿಗೆ ಸರಳಿಗೆ ಹಣೆ ಆನಿಸಿದಳು. “ನನ್ನದು ತಪ್ಪಾಯ್ತು ಕಣಪ್ಪಾ. ಹಾಳು ಬಾಯಿ, ಏನೇನೋ ಅಂದೆ ನಿನಗೆ. ನನ್ನ ಕೈಲಿ ಉಂಡು ಬೆಳೆದೋನು ನೀನು. ಒಂದು ಮಾತಾಡೋ.”

ತಮ್ಮ ತಲೆಯೆತ್ತಿದ. ತುಟಿ ಬಿಗಿ ಹಿಡಿದ. ಆಗಲಿಲ್ಲ. ನಿನ್ನೆಯಿಂದ ಒತ್ತಿ ಹಿಡಿದದ್ದು ಕಟ್ಟೆಯೊಡೆಯಿತು.

“ಅತ್ತಿಗೇ... ನನ್ನ ಬಿಡಿಸ್ಬೇಡಿ ಅತ್ತಿಗೇ!”

ಅದು ಬೆಳಿಗ್ಗೆಯಿಂದ ಸ್ಪೀಕರಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ದನಿ. ಸತ್ತವನ ದನಿ, ಬದುಕಿದ್ದವನ ಗಂಟಲಲ್ಲಿ.

ಅತ್ತಿಗೆಯ ಕೈ ಸರಳಿನ ನಡುವಿನಿಂದ ಹಾವಿನಂತೆ ಒಳಗೆ ಹೋಗಿ ಅವನ ಅಂಗಿ ಹಿಡಿಯಿತು.

“ನೀನಾ? ಆ ಎರಡನೇ ಫೋನು ನೀನಾ? ನನ್ನನ್ನ ಆಟೋದಿಂದ ಇಳಿಸಿದ್ದು ನೀನೇನೋ, ಪಾಪೀ!”

“ಅಣ್ಣ ಮಲಗಿದ್ದ ಅತ್ತಿಗೇ! ಡಾಕ್ಟರು ಬಂದು ಸೂಜಿ ಚುಚ್ಚಿ ಹೋದ್ರು, ನಿದ್ದೆ ಮಾಡ್ಲಿ ಅಂತ ಡೈರೆಕ್ಟರು ಅಂದ್ರು. ನಾನು ಕೇಬಲ್ ತರೋಕೆ ಹೊರಗೆ ಹೋಗಿದ್ದೆ, ಏನೂ ನೋಡಿರಲಿಲ್ಲ. ನಂಬಿದೆ. ‘ನಿನಗೆ ಮೈಕ್ ಬೇಕಿತ್ತಲ್ಲ, ತಗೋ’ ಅಂದ್ರು. ಜೇನಿನ ಸೀನು ಮಾಡಿಸಿದ್ರು. ಅದಕ್ಕೂ ಮುಂಚೆ ಅಣ್ಣನ ಫೋನು ಕೈಗೆ ಕೊಟ್ಟು, ಅತ್ತಿಗೆ ಗಾಬರಿ ಆಗ್ತಾರೆ, ಸಮಾಧಾನ ಹೇಳು ಅಂದ್ರು.” ಅವನು ತನ್ನ ಗಂಟಲನ್ನೇ ಹಿಸುಕಿಕೊಂಡ. “ಹೊಡೆಯಿರಿ ಅತ್ತಿಗೇ. ಬಾಯಿ ಬಿಟ್ರೆ ಅಣ್ಣನೇ ಬರ್ತಾನೆ. ನನ್ನ ದನಿ ಎಲ್ಲಿ ಹೋಯ್ತೋ ಸಿಗ್ತಾನೇ ಇಲ್ಲ.”

ಅತ್ತಿಗೆ ಅಂಗಿ ಬಿಡಲಿಲ್ಲ, ಹೊಡೆಯಲೂ ಇಲ್ಲ. ಅವಳ ಬಾಯಿಂದ ಬಂದದ್ದು ಅಳುವಲ್ಲ, ಗುರುಗುಟ್ಟುವ ಸದ್ದು.

“ಯಾರು ಹೇಳಿಸಿದ್ದು?” ಸಿಡಿಮಿಡಿ ಸರಳಿಗೆ ಮುಖ ತಂದಳು. “ಇನ್ನೊಂದಪ್ಪನಾ?”

“ಅವರು ಬರೀ ಕೈ ಮೇಡಂ. ಅವರ ಫೋನು ಸ್ಪೀಕರಲ್ಲಿತ್ತು. ಅದರಲ್ಲಿ ಒಬ್ಬರು ಮಾತಾಡ್ತಾ ಇದ್ರು. ಏನು ಮಾಡಬೇಕು ಅಂತ ಅವರೇ ಹೇಳ್ತಿದ್ರು.”

“ಹೆಸರು?”

“ಗೊತ್ತಿಲ್ಲ. ಮುಖಾನೂ ನೋಡಿಲ್ಲ.”

“ದನಿ?”

ಅವನು ಒದ್ದೆ ಕಣ್ಣಲ್ಲಿ ಅವಳನ್ನು ನೋಡಿದ. ಒಮ್ಮೆ ಕೇಳಿದ ದನಿಯನ್ನು ಮರೆಯುವುದು ಆ ಮನೆತನದ ಕೈಲಾಗದ ಕೆಲಸ.

“ಮಾಡಿ ತೋರಿಸು,” ಎಂದಳು ಸಿಡಿಮಿಡಿ.

ತಮ್ಮ ಅಂಗಿಯ ತೋಳಿಂದ ಮುಖ ಒರೆಸಿಕೊಂಡ. ಎದ್ದು ನಿಂತ. ಗಲ್ಲ ಕುತ್ತಿಗೆಯೊಳಗೆ ಇಳಿಯಿತು, ಹೊಟ್ಟೆ ಮುಂದೆ ಬಂತು, ಸಣಕಲು ಮೈ ಎಲ್ಲಿಂದಲೋ ತೂಕ ತಂದುಕೊಂಡಿತು. ಬಾಯಿ ತೆರೆದ.

“ಹ್ಞಕ್. ಆ ಹೆಂಗಸು ಬಂದ್ರೆ ಆಸ್ಪತ್ರೆ, ಪೇಪರು ಅಂತ ದೊಡ್ಡ ರಾದ್ಧಾಂತ. ಮನೇಲೇ ಕೂರಿಸಿ ಅವಳನ್ನ. ತಲೆನೋವಿಗೆ ಯಾರೂ ಸಾಯಲ್ಲ. ತಿಳೀತಾ? ತಿಳೀತು.”

ಬಾಗಿಲಾಚೆ ಕುರ್ಚಿ ಸರಕ್ಕನೆ ಹಿಂದೆ ಸರಿಯಿತು. ಬೂಟಿನ ಹಿಮ್ಮಡಿಗಳು ಒಂದಕ್ಕೊಂದು ಬಡಿದವು.

ಸಿಡಿಮಿಡಿ ತಿರುಗಿ ನೋಡಿದಳು. ಖಾಲಿ ಹಜಾರಕ್ಕೆ ಮುಖ ಮಾಡಿ, ಎದೆಯುಬ್ಬಿಸಿ, ಕಂಬ ಸಲ್ಯೂಟ್ ಹೊಡೆದು ನಿಂತಿದ್ದ.

ಕೈ ಇಳಿಸದೆಯೇ ಅವನು ಪಿಸುಗುಟ್ಟಿದ: “ಸಾಹೇಬ್ರು ಯಾವಾಗ ಬಂದ್ರು ಮೇಡಂ?”